ನಾನು ಸ್ಕ್ರಬ್ ಓಕ್ ಎಂದು ಬರೆದ ಏಳು ಪೊದೆಗಳು

"ಆಂಟಿ, ಫೋನ್ ಇಲ್ಲದೆ ನೀವೆಲ್ಲ ಗಿಡಗಳನ್ನ ಹೇಗೆ ಐಡೆಂಟಿಫೈ ಮಾಡ್ತಿದ್ರಿ?" ಎಂದು ಈ ಕೆಲಸಕ್ಕೆ ಹೊಸದಾಗಿ ಸೇರಿದ ಮಕ್ಕಳು ನನ್ನನ್ನು ಕೇಳುತ್ತಾರೆ. ಮಂಡಿಯೂರಿ ಮಾಡುತ್ತಿದ್ದೆವು ಎನ್ನುತ್ತೇನೆ. ಅವರು ನಗುತ್ತಾರೆ. ನಾನೇನೂ ನಗಿಸಲು ಹೇಳಿದ್ದಲ್ಲ. ನನ್ನ ಎರಡೂ ಮಂಡಿಗಳನ್ನು ಡಾಕ್ಟರು ಕೊಯ್ದು ಬದಲಾಯಿಸಿದ್ದಾರೆ.

ಬಡ್ತಿ, ಸರ್ಟಿಫಿಕೇಟು, ಬೀಳ್ಕೊಡುಗೆಯ ಫಲಕ ಇವೆಲ್ಲ ಗ್ಯಾರೇಜಿನ ಅಟ್ಟದ ಮೇಲಿವೆ, ಅಲ್ಲೇ ಇರಲಿ. ಯಾರೂ ಹೇಳದ ಒಂದು ಸಂಗತಿ ಹೇಳಬೇಕೆಂದು ಕುಳಿತಿದ್ದೇನೆ. ಎಲೆ, ತೊಗಟೆ, ಹಣ್ಣು ನೋಡಿ ಕಾಡುಗಿಡದ ಹೆಸರು ಹೇಳುವುದನ್ನು ಯಾರಾದರೂ ಕಲಿಸಿಯಾರು. ಆದರೆ ಪಕ್ಕದಲ್ಲಿ ನಿಂತವಳು ನಮಗಿಂತ ಮೊದಲೇ ಹೇಳಿಬಿಟ್ಟಾಗ ಹೊಟ್ಟೆಯಲ್ಲಿ ಏಳುತ್ತದಲ್ಲ ಉರಿ, ಅದಕ್ಕೆ ಏನು ಮಾಡಬೇಕೆಂದು ಯಾವ ಕಾಲೇಜಿನಲ್ಲೂ ಕಲಿಸಲಿಲ್ಲ. ನನ್ನ ಉರಿ ಒಬ್ಬಳ ಹೊಟ್ಟೆಪಾಡಿಗೂ ಏಳು ಪೊದೆಗಳಿಗೂ ಮುಳುವಾಯಿತು. ಅದನ್ನು ಬಿಟ್ಟು ಬೇರೆ ಏನು ಬರೆದರೂ ಸುಳ್ಳು ಬರೆದ ಹಾಗೆಯೇ.

ನಾನು ಧಾರವಾಡದವಳು. ಬಾಟನಿಯಲ್ಲಿ ಎಂ.ಎಸ್ಸಿ., ಅದೂ ಫಸ್ಟ್ ಕ್ಲಾಸ್. ನಮ್ಮ ಸರ್ ಒಬ್ಬರು ತರಗತಿಯಲ್ಲಿ ಹೇಳುತ್ತಿದ್ದರು, "ಹೂವು ನೋಡದ ಗಿಡದ ಹೆಸರು ಹೇಳೋದು ಅಂದ್ರ, ಹುಡುಗೀನ್ನ ನೋಡದ ಲಗ್ನಾ ಮಾಡ್ಕೊಂಡಂಗ. ಆಮ್ಯಾಲೆ ಅಳಬ್ಯಾಡ್ರಿ." ನಾನು ಆ ಮಾತನ್ನು ಶಿರಸಾವಹಿಸಿದವಳು. ಅರವತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಲಾಸ್ ಏಂಜಲೀಸಿನ ಪಕ್ಕದ ರೆಡೊಂಡೊ ಬೀಚಿಗೆ ಬಂದೆ. ನಮ್ಮ ಮನೆಯವರಿಗೆ ಅಲ್ಲಿ ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ. ಮೂರು ವರ್ಷ ಅಪಾರ್ಟ್‌ಮೆಂಟಿನ ಕಿಟಕಿಯಿಂದ ಸಮುದ್ರ ನೋಡಿದೆ, ಸಾಕಾಯಿತು. ಅಷ್ಟರಲ್ಲಿ ಗುಡ್ಡ ಕಡಿದು ಮನೆ ಕಟ್ಟುವ ಮೊದಲು ಅಲ್ಲಿ ಏನೇನು ಬೆಳೆದಿದೆ ಎಂದು ಬರೆದು ಕೊಡಬೇಕೆಂಬ ಕಾನೂನು ಬಂತು. ಗಿಡ ಎಣಿಸಿ ರಿಪೋರ್ಟ್ ಬರೆಯುವ ಸಣ್ಣ ಸಣ್ಣ ಕಂಪನಿಗಳು ಹುಟ್ಟಿಕೊಂಡವು. ಅಂಥದೊಂದರಲ್ಲಿ ನನಗೆ ಕೆಲಸ ಸಿಕ್ಕಿತು.

ನಮ್ಮ ಬಾಸ್ ವಾಲ್ಟ್, ಆರಡಿ ಎತ್ತರದ ಮನುಷ್ಯ. ಬಾಯಲ್ಲಿ ಸದಾ ಸೂರ್ಯಕಾಂತಿ ಬೀಜ. ನನ್ನ ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಒಳ್ಳೆಯ ಕಾಗದ. ಆದರೆ ನಮ್ಮ ಗುಡ್ಡಗಳಿಗೆ ಓದಲು ಬರುವುದಿಲ್ಲ" ಎಂದ. ಅರ್ಥವಾಗಲು ಒಂದು ವಾರ ಸಾಕಾಯಿತು. ಆ ಸೀಮೆಯ ಗುಡ್ಡಗಳಲ್ಲಿ ಹೂವು ಕಾಣುವುದು ವರ್ಷಕ್ಕೆ ಎರಡು ಮೂರು ತಿಂಗಳು. ಉಳಿದ ಕಾಲವೆಲ್ಲ ಎದೆಯೆತ್ತರದ ಪೊದೆ, ಬೂದು ಹಸಿರು ಎಲೆ, ಎಲ್ಲವೂ ಒಂದೇ ತರಹ. ಸರ್ವೇ ಮಾಡಿಸುವ ಬಿಲ್ಡರ್ ಹೂವಿಗಾಗಿ ಕಾಯುತ್ತಾನೆಯೇ? ಅಕ್ಟೋಬರಿನಲ್ಲಿ ಬಂದು ಅಕ್ಟೋಬರಿನಲ್ಲೇ ಹೆಸರು ಕೊಡು ಎನ್ನುತ್ತಾನೆ. ಹೂವು ನೋಡದೆ ಬಾಯಿ ತೆರೆಯದ ನಾನು ಮೊದಲ ವರ್ಷವೆಲ್ಲ ಮೂಗಿಯಂತೆ ತಿರುಗಿದೆ.

ನಿಧಾನವಾಗಿ ಕಲಿತೆ. ಲೆಮನೇಡ್ ಬೆರಿ, ಶುಗರ್ ಬುಷ್ ಎಂದು ಎರಡು ಪೊದೆಗಳಿವೆ. ಎರಡಕ್ಕೂ ಕೆಂಪು ಹಣ್ಣು, ಹಣ್ಣಿನ ಮೇಲೆ ಹುಳಿ ಹುಳಿ ಅಂಟು. ಎಲೆ ಚಪ್ಪಟೆಯಾಗಿದ್ದರೆ ಲೆಮನೇಡ್ ಬೆರಿ. ನಡುವಿನ ನರದ ಉದ್ದಕ್ಕೂ ವೀಳ್ಯದೆಲೆ ಮಡಿಸಿದ ಹಾಗೆ ಅರ್ಧ ಮಡಚಿಕೊಂಡಿದ್ದರೆ ಶುಗರ್ ಬುಷ್. ಸಮುದ್ರದ ಹತ್ತಿರ ಮೊದಲನೆಯದು ಹೆಚ್ಚು, ಒಳನಾಡಿಗೆ ಹೋದಂತೆ ಎರಡನೆಯದು. ನಡುವೆ ಎರಡೂ ಸೇರಿ ಹುಟ್ಟಿದ ಬೆರಕೆಗಳಿರುತ್ತವೆ, ಅವು ಬುದ್ಧಿವಂತರ ಮಾನ ಕಳೆಯಲೆಂದೇ ಇವೆ.

ಆ ಲೆಮನೇಡ್ ಬೆರಿಯಿಂದಲೇ ನನ್ನ ಮೊದಲ ದೊಡ್ಡ ಎಡವಟ್ಟಾಯಿತು. ಆಗ ಹುಣಸೆಹಣ್ಣು ಕೊಳ್ಳಬೇಕೆಂದರೆ ಊರ ಆಚೆಯ ಅಂಗಡಿಗೆ ಹೋಗಬೇಕಿತ್ತು. ಗುಡ್ಡದಲ್ಲಿ ಇಷ್ಟು ಹುಳಿ ಪುಕ್ಕಟೆ ಸಿಗುತ್ತಿರುವಾಗ ನಾನೇಕೆ ಬಿಡಲಿ? ಒಂದು ಸೇರು ಹಣ್ಣು ತಂದು, ನೆನೆಹಾಕಿ, ರಸ ಹಿಂಡಿ, ಬೆಲ್ಲ ಹಾಕಿ ಗೊಜ್ಜು ಮಾಡಿದೆ. ಭಾನುವಾರ ನಮ್ಮಲ್ಲಿಗೆ ನಾಲ್ಕು ಕನ್ನಡದ ಮನೆಯವರು ಊಟಕ್ಕೆ ಬಂದಿದ್ದರು. ಅವರಲ್ಲಿ ರಾಯರೆಂಬುವರೂ ಅವರ ಹೆಂಡತಿಯೂ ಇದ್ದರು. ಇನ್ನೊಬ್ಬಳು ಸರೋಜ. ಮೈಸೂರಿನವಳು, ಅವಳಪ್ಪನದು ಸೀರೆ ಅಂಗಡಿ. ಓದಿದ್ದು ಎಸ್ಸೆಸ್ಸೆಲ್ಸಿ. ಅವಳ ಗಂಡ ನಮ್ಮವರ ಆಫೀಸಿನಲ್ಲೇ ಇದ್ದರು. ಸರೋಜ ಅಡುಗೆಮನೆಗೆ ಬಂದು, ಸಿಂಕಿನಲ್ಲಿದ್ದ ಟೊಂಗೆಯೊಂದನ್ನು ಎತ್ತಿ, ಎಲೆ ಚಿವುಟಿ ಮೂಸಿದಳು.

"ಅಕ್ಕ, ಇದು ಮಾವಿನ ಮರದ ಕಡೆ ನೆಂಟನಾ? ಸೊನೆ ವಾಸನೆ ಹಾಗೇ ಇದೆ. ರಾಯರಿಗೆ ಮಾವಿನ ಸೊನೆ ಆಗಲ್ಲ ಅಂತ ಅವರ ಮನೆಯವರು ಹೇಳ್ತಿದ್ರು."

ಮಾವು, ಗೇರು, ಈ ಪೊದೆ ಮೂರೂ ಒಂದೇ ಕುಟುಂಬ. ಆ ಕುಟುಂಬದ ಲ್ಯಾಟಿನ್ ಹೆಸರನ್ನು ನಾನು ಕಣ್ಣು ಮುಚ್ಚಿ ಬರೆಯಬಲ್ಲೆ. ಆದರೆ ರಾಯರ ತುಟಿ ನನ್ನ ತಲೆಗೆ ಹೊಳೆದಿರಲಿಲ್ಲ. "ಹೋಗ ನಿನ್ನ! ಎಂ.ಎಸ್ಸಿ. ಮಾಡಿದಾಕಿ ನಾನೋ ನೀನೋ?" ಎಂದು ನಕ್ಕು ಬಡಿಸಿಯೇಬಿಟ್ಟೆ. ಅರ್ಧ ಗಂಟೆಯಲ್ಲಿ ರಾಯರ ತುಟಿ ಬೋಂಡದಷ್ಟು ದಪ್ಪವಾಯಿತು. ಪುಣ್ಯಕ್ಕೆ ಎರಡು ದಿನದಲ್ಲಿ ಇಳಿಯಿತು. ಆ ಸಂಜೆ ಎಲ್ಲರೂ ಆಡಿದ್ದು ರಾಯರ ಮಾತನ್ನಲ್ಲ. "ಸರೋಜ ಮೂಸಿ ನೋಡಿದ್ಲಂತೆ, ಮೂಸೇ ಹೇಳಿಬಿಟ್ಲಂತೆ!" ಎಂಬುದೇ ಮಾತು. ನನಗೆ ರಾಯರ ಮೇಲೆ ಕನಿಕರಕ್ಕಿಂತ ಸರೋಜಳ ಮೇಲೆ ಸಿಟ್ಟು ಜಾಸ್ತಿ ಬಂತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಹೀಗಿದ್ದೂ ಅವಳನ್ನು ಕೆಲಸಕ್ಕೆ ಕರೆದುಕೊಂಡು ಹೋದವಳು ನಾನೇ. ಫ್ರೀವೇಯಲ್ಲಿ ಕಾರು ಓಡಿಸುವ ಧೈರ್ಯ ನನಗಿರಲಿಲ್ಲ. ಸ್ಯಾನ್ ಡಿಯೆಗೊ ಕಡೆಯ ಸರ್ವೇಗಳು ಬರತೊಡಗಿದಾಗ ವಾಲ್ಟ್ ಒಬ್ಬ ಡ್ರೈವರ್ ಬೇಕೆಂದ. ನಮ್ಮ ಹೆಂಗಸರಲ್ಲಿ ಮೊದಲು ಲೈಸೆನ್ಸ್ ತೆಗೆದುಕೊಂಡವಳು ಸರೋಜ. ಗಂಟೆ ಲೆಕ್ಕದ ಕೆಲಸ: ಕಾರು ಓಡಿಸುವುದು, ಕಿತ್ತ ಟೊಂಗೆಗಳನ್ನು ಕಾಗದದ ನಡುವೆ ಇಟ್ಟು ಒತ್ತಿ ಒಣಗಿಸುವುದು. ದಾರೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗೆ ಎನ್ನುತ್ತಾರಲ್ಲ, ಹಾಗೆ ನಾನೇ ಫೋನ್ ಮಾಡಿ, ನಾನೇ ಹೊಗಳಿ ಸೇರಿಸಿದೆ.

ವಾಲ್ಟನಿಗೆ ಒಂದು ಚಾಳಿಯಿತ್ತು. ಕಾರು ನಲವತ್ತು ಮೈಲಿ ವೇಗದಲ್ಲಿ ಹೋಗುತ್ತಿರುವಾಗ ಬೀಜದ ಸಿಪ್ಪೆ ಕಿಟಕಿಯಾಚೆ ಉಗಿದು, ಒಂದು ಪೊದೆ ತೋರಿಸಿ "ಅದೇನು?" ಎನ್ನುವನು. ನಾನು, "ನಿಲ್ಲಿಸಿ, ಇಳಿದು ನೋಡುತ್ತೇನೆ" ಎನ್ನುವೆ. ಇಳಿದು, ಲೆನ್ಸ್ ತೆಗೆದು, ಎಲೆಯ ಅಂಚು ನೋಡಿ, ಪುಸ್ತಕದಲ್ಲಿ ಪುಟ ಹುಡುಕಿ ಹೆಸರು ಹೇಳಲು ಹದಿನೈದು ನಿಮಿಷ. ಸರಿಯಾಗೇ ಇರುತ್ತಿತ್ತು. ನಾನು ತಪ್ಪು ಹೆಸರು ಬರೆದ ದಾಖಲೆಯೇ ಇರಲಿಲ್ಲ. "ಸುಮಿತ್ರಾ ನೋಡಿದಳೆಂದರೆ ಮುಗಿಯಿತು" ಎಂದು ವಾಲ್ಟ್ ಬಿಲ್ಡರುಗಳಿಗೆ ಹೇಳುತ್ತಿದ್ದ.

ಸರೋಜ ಸೇರಿ ಎರಡು ತಿಂಗಳಾಗಿರಬೇಕು. ಅವತ್ತು ವಾಲ್ಟ್ ತಾನೇ ಓಡಿಸುತ್ತಿದ್ದ, ನಾನು ಮುಂದೆ, ಅವಳು ಹಿಂದಿನ ಸೀಟಿನಲ್ಲಿ ಮೊಸರನ್ನದ ಡಬ್ಬಿ ಹಿಡಿದು ಕೂತಿದ್ದಳು. ವಾಲ್ಟ್ ಎಂದಿನಂತೆ "ಅದೇನು?" ಎಂದ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಇಂಗ್ಲಿಷಿನಲ್ಲಿ ಉತ್ತರ ಬಂತು: "ಟೊಯಾನ್." ಅವನು ಇನ್ನೊಂದು ತೋರಿಸಿದ. "ಮಂಜನೀಟಾ." ಇನ್ನೊಂದು. "ಅದು ಆಗಲೇ ನೋಡಿದ ಶುಗರ್ ಬುಷ್ಷೇ, ಆದರೆ ಇದು ಬೆರಕೆ." ವಾಲ್ಟ್ ಬ್ರೇಕ್ ಹಾಕಿದ. ಇಳಿದು ನೋಡಿದೆವು. ಬೆರಕೆಯೇ!

"ಅದು ಹ್ಯಾಂಗ ಗೊತ್ತಾತು ನಿನಗ?" ಎಂದೆ.

"ಗೊತ್ತಿಲ್ಲ ಅಕ್ಕ. ನಮ್ಮಪ್ಪ ಅಂಗಡೀಲಿ ಸೀರೆ ಬಿಚ್ಚೋಕೂ ಬಿಡ್ತಿರಲಿಲ್ಲ, ಮಡಿಕೆ ನೋಡೇ ಹೇಳ್ಬೇಕಿತ್ತು, ಯಾವೂರ ಮಗ್ಗ ಅಂತ. ಇದೂ ಹಾಗೇ ಅನ್ಸುತ್ತೆ. ಇದರ ಮಡಿಕೆ ಅರ್ಧಂಬರ್ಧ ಇದೆ ನೋಡಿ."

ಅಯ್ಯೋ ಶಿವನೇ! ಆರು ವರ್ಷ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ನಾನು ಕಲಿತದ್ದು ಇವಳಿಗೆ ಸೀರೆ ಅಂಗಡಿಯ ಗಲ್ಲಾದ ಹಿಂದೆ ಕೂತು ಬಂದಿದೆ. ವಾಲ್ಟ್ ಅವತ್ತು ಊರು ಬರುವವರೆಗೂ ಅವಳೊಂದಿಗೇ ಮಾತಾಡಿದ. ಮಾರನೆಯ ದಿನದಿಂದ ವಾಲ್ಟ್ ಓಡಿಸುವಾಗಲೆಲ್ಲ ಮುಂದಿನ ಸೀಟು ಅವಳದಾಯಿತು. ಮನೆಗೆ ಬಂದರೆ ಅಲ್ಲೂ ನೆಮ್ಮದಿಯಿಲ್ಲ. "ಸರೋಜಾ ಭಾಳ ಶಾಣ್ಯಾ ಹುಡುಗಿ ನೋಡು" ಎಂದು ನಮ್ಮವರು ರೊಟ್ಟಿ ಮುರಿಯುತ್ತ ಅಂದರು. ಆ ದಿನ ಪಲ್ಯಕ್ಕೆ ಉಪ್ಪು ಎರಡು ಸಲ ಬಿತ್ತು, ಒಂದು ಸಲ ಬೇಕೆಂತಲೇ ಹಾಕಿದೆ.

ಅವಳನ್ನು ಬೀಳಿಸಲು ಒಮ್ಮೆ ಹೊಂಚು ಹಾಕಿದೆ. ನಮ್ಮ ಪಕ್ಕದ ಮನೆಯವರ ಬೇಲಿಯಲ್ಲಿ ತೋಟದ ಗಿಡವೊಂದಿತ್ತು, ಅದಕ್ಕೂ ಟೊಯಾನಿನಂತೆಯೇ ಕೆಂಪು ಹಣ್ಣಿನ ಗೊಂಚಲು. ಒಂದು ಟೊಂಗೆ ಮುರಿದು, ಗುಡ್ಡದಿಂದ ತಂದ ಟೊಯಾನ್ ಟೊಂಗೆಗಳ ನಡುವೆ ಸೇರಿಸಿ, ಒತ್ತಲು ಕೊಟ್ಟೆ. ತಪ್ಪಾಗಿ ಒತ್ತಿಟ್ಟರೆ ವಾಲ್ಟನ ಮುಂದೆ ಹಿಡಿಯಬಹುದು ಎಂದು ಲೆಕ್ಕ. ಸರೋಜ ಆ ಟೊಂಗೆಯನ್ನು ಪಕ್ಕಕ್ಕಿಟ್ಟು, "ಅಕ್ಕ, ಇದು ಗುಡ್ಡದ್ದಲ್ಲ. ಯಾರೋ ದಿನಾ ನೀರು ಹಾಕಿ ಸಾಕಿದ್ದಾರೆ, ಮೈ ನೋಡಿದ್ರೆ ಗೊತ್ತಾಗುತ್ತೆ. ನಿಮ್ಮ ಚೀಲಕ್ಕೆ ಹೇಗೋ ಸೇರ್ಕೊಂಡಿದೆ" ಎಂದಳು. ಅವಳಿಗೆ ನನ್ನ ಮೇಲೆ ಅನುಮಾನವೇ ಬರಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಆ ಹೊತ್ತಿಗೆ ಕೆಲಸದ ರೀತಿಯೂ ಬದಲಾಗುತ್ತಿತ್ತು. ಮೊದಲು ಗುಡ್ಡವನ್ನು ಅಡ್ಡಡ್ಡ ನಡೆದು ನೋಡುತ್ತಿದ್ದೆವು. ಈಗ ವಿಮಾನದಿಂದ ತೆಗೆದ ಫೋಟೋ ಹಾಸಿಕೊಂಡು, ದುರ್ಬೀನು ಹಿಡಿದು, ದೂರದಿಂದಲೇ ಪೊದೆಗಳನ್ನು ವಿಂಗಡಿಸಿ, ಅನುಮಾನ ಬಂದ ಕಡೆ ಮಾತ್ರ ಹೋಗಿ ನೋಡುವುದು. ಇದು ಸರೋಜಳ ಕಣ್ಣಿಗೆಂದೇ ಮಾಡಿಸಿದ ಕೆಲಸವಾಗಿತ್ತು. ನನ್ನಂಥ ಮಂಡಿಯೂರುವವರು ಹಿಂದೆ ಬಿದ್ದೆವು.

ಇನ್ನು ಆ ಅಕ್ಟೋಬರಿನ ಕತೆ. ಸ್ಯಾನ್ ಡಿಯೆಗೊದ ಉತ್ತರಕ್ಕೆ, ರಾಂಚೊ ಬರ್ನಾರ್ಡೊ ದಾಟಿ ಒಳಗೆ ಒಂದು ಗುಡ್ಡ. ಆಗ ಹದಿನೈದನೇ ಫ್ರೀವೇ ಪೂರ್ತಿಯಾಗಿರಲಿಲ್ಲ, ಹಳೆಯ ರಸ್ತೆಯಲ್ಲೇ ಹೋಗಬೇಕು. ಎಂಜಿನಿಯರುಗಳ ಸಂಸಾರಕ್ಕೆಂದು ಅಲ್ಲಿ ಮನೆಗಳ ಸಾಲು ಏಳಲಿತ್ತು. ಒಳಗೆ ಹೋಗಲು ನಮಗೆ ಎರಡೇ ದಿನದ ಅನುಮತಿ. ಆ ಸೀಮೆಯಲ್ಲಿ ಬಾರ್ಬೆರಿ ಎಂಬ ಒಂದು ಅಪರೂಪದ ಪೊದೆಯಿದೆ. ಎಲೆ ಮೂರು ಅಥವಾ ಐದು ತುಂಡಾಗಿ, ಪ್ರತಿ ತುಂಡಿನ ಅಂಚಿಗೂ ಮುಳ್ಳು. ವಸಂತದಲ್ಲಿ ಹಳದಿ ಹೂವು, ಬೇಸಿಗೆಯಲ್ಲಿ ಕೆಂಪು ಹಣ್ಣು. ತೊಗಟೆ ಕೆರೆದರೆ ಒಳಗೆ ಅರಿಶಿನದಂಥ ಹಳದಿ. ವಾಲ್ಟ್ ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದರೂ ಕಾಡಿನಲ್ಲಿ ಅವನು ಕಂಡದ್ದು ಎರಡೋ ಮೂರೋ ಜಾಗದಲ್ಲಿ. ಒಣಗಿದ ಮಾದರಿಯನ್ನು ಆಫೀಸಿನಲ್ಲಿ ತೋರಿಸಿದಾಗ ಸರೋಜ, "ಇದು ಮರದರಿಶಿನದ ಥರ ಇದೆ! ನಮ್ಮಂಗಡಿ ಪಕ್ಕದ ಗ್ರಂದಿಗೆ ಅಂಗಡೀಲಿ ಔಷಧಿಗೆ ಅಂತ ತುಂಡು ತುಂಡು ಮಾರ್ತಿದ್ರು" ಎಂದಿದ್ದಳು. ಅಂದಿನಿಂದ ಅವಳ ಬಾಯಲ್ಲಿ ಅದರ ಹೆಸರು ಮರದರಿಶಿನವೇ.

ಮೊದಲ ದಿನ ಸಂಜೆ, ಹೊರಡುವ ಹೊತ್ತು. ಸರೋಜ ದುರ್ಬೀನು ಇಳಿಸದೆ ಕಣಿವೆಯಾಚೆಯ ಇಳಿಜಾರನ್ನೇ ನೋಡುತ್ತ ನಿಂತಳು.

"ಅಕ್ಕ, ಆ ಬಂಡೆ ಪಕ್ಕ. ಐದಿವೆ. ಮರದರಿಶಿನ."

ನಾನು ನೋಡಿದೆ. "ಸ್ಕ್ರಬ್ ಓಕ್ ಅದು. ಈ ಗುಡ್ಡದ ತುಂಬ ಅದಽ ಅದ." ಮುಳ್ಳಂಚಿನ ಎಲೆಯ ಕುಳ್ಳು ಓಕ್ ಪೊದೆ, ಆ ಸೀಮೆಯಲ್ಲಿ ಎಲ್ಲೆಂದರಲ್ಲಿ ಬೆಳೆಯುತ್ತದೆ.

"ಅಲ್ಲ ಅಕ್ಕ. ಸೀರೆ ನೇಯ್ಗೆ ಥರ ಅಂದ್ಕೊಳ್ಳಿ, ಓಕಲ್ಲಿ ಹಾಸು ಬೂದಿ, ಹೊಕ್ಕು ಹಸಿರು. ಇದರಲ್ಲಿ ಹೊಕ್ಕು ನೀಲಿ ಓಡ್ತಿದೆ. ಗಾಳಿ ಬಂದಾಗ ನೋಡಿ."

ಗಾಳಿ ಬಂದಾಗಲೂ ನನಗೆ ಬೂದಿಯೇ ಕಂಡಿತು. ಬೆಳಕು ಇಳಿಯುತ್ತಿತ್ತು, ಕಣಿವೆ ಇಳಿದು ಹತ್ತಲು ಸಮಯವಿರಲಿಲ್ಲ. ವಾಲ್ಟ್ ಸಿಪ್ಪೆ ಉಗಿಯುವುದನ್ನೂ ಮರೆತು ನಿಂತುಬಿಟ್ಟ. "ಸರೋಜ, ಅದು ಬಾರ್ಬೆರಿಯೇ ಆಗಿದ್ದರೆ ನಾಳೆಯಿಂದ ನೀನು ಡ್ರೈವರ್ ಅಲ್ಲ. ಸರ್ವೇಯರ್. ರಿಪೋರ್ಟಿನ ಮೇಲೆ ನನ್ನ ಹೆಸರು, ಸುಮಿತ್ರಾಳ ಹೆಸರು, ನಿನ್ನ ಹೆಸರು. ಈ ಇಳಿಜಾರನ್ನು ಬಿಲ್ಡರ್ ಮುಟ್ಟದ ಹಾಗೆ ನಾನು ಹೋರಾಡುತ್ತೇನೆ" ಎಂದ. ವಾಪಸು ಬರುವಾಗ ಅವಳು ಸ್ಟಿಯರಿಂಗ್ ಹಿಡಿದು ತನ್ನಷ್ಟಕ್ಕೆ ನಗುತ್ತಿದ್ದಳು. "ಅಕ್ಕ, ನನ್ನ ಹೆಸರು ಪ್ರಿಂಟಲ್ಲಿ ಬರೋದು ಮದುವೆ ಪತ್ರಿಕೆ ಆದ್ಮೇಲೆ ಇದೇ" ಎಂದಳು. ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡೆ.

ಮರುದಿನ ಅವಳ ಮಗಳಿಗೆ ಜ್ವರ, ಬರಲಾಗಲಿಲ್ಲ. ನೀನು ನೋಡಿದರೆ ಸಾಕು ಎಂದು ವಾಲ್ಟ್ ನನ್ನನ್ನು ಗೇಟಿನಲ್ಲಿ ಇಳಿಸಿ ನಕ್ಷೆ ತರಲು ಕೌಂಟಿ ಆಫೀಸಿಗೆ ಹೋದ. ನಾನೊಬ್ಬಳೇ ಕಣಿವೆ ಇಳಿದು ಹತ್ತಿದೆ. ದಾರಿಯುದ್ದಕ್ಕೂ ನಾನು ಬೇಡಿಕೊಂಡದ್ದನ್ನು ಬರೆದುಬಿಡುತ್ತೇನೆ: ಓಕ್ ಆಗಿರಲಿ ದೇವರೇ, ಓಕ್ ಆಗಿರಲಿ.

ಬಂಡೆಯ ಪಕ್ಕ ಹೋದೆ. ಐದು ತುಂಡಿನ ಎಲೆ, ತುಂಡಿಗೆಲ್ಲ ಮುಳ್ಳು, ಮೇಲೆ ನೀಲಿ ಬೂದಿ ಬಳಿದ ಹಾಗೆ. ಹೂವಿಲ್ಲ, ಹಣ್ಣಿಲ್ಲ. ಆದರೂ ಅನುಮಾನಕ್ಕೆ ಜಾಗವೇ ಇರಲಿಲ್ಲ. ಉಗುರಿನಿಂದ ತೊಗಟೆ ಕೆರೆದೆ. ಹಳದಿ. ಇನ್ನೊಂದು ಕೆರೆದೆ, ಹಳದಿ. ಅವಳು ದೂರದಿಂದ ಐದು ಎಂದಿದ್ದಳು, ಬಂಡೆಯ ಹಿಂದೆ ಇನ್ನೆರಡು ಇದ್ದವು, ಒಟ್ಟು ಏಳು. ಇಪ್ಪತ್ತು ವರ್ಷ ವಾಲ್ಟ್ ಹುಡುಕಿದ್ದು ನನ್ನ ಕಣ್ಣ ಮುಂದಿದೆ, ನನಗೆ ಸಂತೋಷವಾಗಲಿಲ್ಲ. ಎದೆಯ ಮೇಲೆ ಯಾರೋ ರುಬ್ಬುಗುಂಡು ಇಟ್ಟ ಹಾಗಾಯಿತು. ಎಸ್ಸೆಸ್ಸೆಲ್ಸಿ! ಕಣಿವೆಯಾಚೆಯಿಂದ! ನಾನು ಅಲ್ಲೇ ಕೂತು ಅತ್ತೆ.

ಅತ್ತಾದ ಮೇಲೆ ಒಂದು ಉಪಾಯ ಹೊಳೆಯಿತು. ಈಗ ಓಕ್ ಎಂದು ಬರೆಯುವುದು. ಮಾರ್ಚಿನಲ್ಲಿ ಹೂವು ಬಿಟ್ಟಾಗ ಒಬ್ಬಳೇ ಬಂದು, ಹೂವಿನ ಸಮೇತ ಟೊಂಗೆ ತಗೊಂಡು ಹೋಗಿ ವಾಲ್ಟನ ಮೇಜಿನ ಮೇಲಿಡುವುದು. ಹೂವು ನೋಡಿಯೇ ಹೆಸರು ಹೇಳುವವಳು ನಾನು, ಯಾರಿಗೂ ಅನುಮಾನ ಬರುವುದಿಲ್ಲ. ಕಂಡುಹಿಡಿದವಳು ಸುಮಿತ್ರಾ ಎಂದಾಗುತ್ತದೆ. ಪೊದೆಗೂ ಕೇಡಿಲ್ಲ, ಕೆಲಸ ಶುರುವಾಗುವುದು ಬೇಸಿಗೆಯಲ್ಲಿ ಎಂದು ಬಿಲ್ಡರ್ ಹೇಳಿದ್ದ. ಕಿತ್ತ ಟೊಂಗೆಯನ್ನು ಅಲ್ಲೇ ಬಿಸಾಡಿ, ಉಗುರನ್ನು ಪ್ಯಾಂಟಿಗೆ ಉಜ್ಜಿಕೊಂಡು ಬಂದೆ.

ಸರೋಜಳ ಮುಂದೆಯೇ ಹೇಳುತ್ತೇನೆ ಎಂದು ವಾಪಸು ಬರುವಾಗ ವಾಲ್ಟನ ಪ್ರಶ್ನೆಯನ್ನು ತಳ್ಳಿಹಾಕಿದ್ದೆ. ಮಾರನೆಯ ದಿನ ಆಫೀಸಿನಲ್ಲಿ ವಾಲ್ಟ್ ಕುರ್ಚಿಯಿಂದ ಎದ್ದೇ ಕೇಳಿದ. ಸರೋಜ ಅವನ ಪಕ್ಕದಲ್ಲಿ ನಿಂತಿದ್ದಳು. ಅವತ್ತು ಒಳ್ಳೆಯ ಸೀರೆ ಉಟ್ಟು ಬಂದಿದ್ದಳು.

"ಸ್ಕ್ರಬ್ ಓಕ್" ಎಂದೆ.

ಸರೋಜ ಕನ್ನಡದಲ್ಲಿ ಮೆಲ್ಲಗೆ ಕೇಳಿದಳು, "ಅಕ್ಕ, ಕೆರೆದು ನೋಡಿದ್ರಾ?"

"ನೋಡಿದೆ. ಬಿಳೇದಿತ್ತು."

ಅವಳು ಇನ್ನೊಂದು ಮಾತು ಕೇಳಲಿಲ್ಲ. ಅಕ್ಕ ಎಂದು ಕರೆದವಳ ಬಾಯಿಂದ ಸುಳ್ಳು ಬರುತ್ತದೆಂದು ಅವಳಿಗೆ ಅನಿಸಲೇ ಇಲ್ಲ. ವಾಲ್ಟನೂ ಪ್ರಶ್ನಿಸಲಿಲ್ಲ. ನಾನು ನೋಡಿದೆನೆಂದರೆ ಮುಗಿಯಿತಲ್ಲ. ಅವಳ ಭುಜ ತಟ್ಟಿ, "ಪರವಾಗಿಲ್ಲ, ಎಲ್ಲರಿಗೂ ಆಗುತ್ತದೆ" ಎಂದ. ರಿಪೋರ್ಟ್ ಎರಡು ಹೆಸರಿನಲ್ಲೇ ಹೋಯಿತು.

ಅತಿಯಾಸೆ ಗತಿಗೇಡು. ಬಿಲ್ಡರ್ ಬೇಸಿಗೆಗೆ ಕಾಯಲಿಲ್ಲ. ರಿಪೋರ್ಟಿನಲ್ಲಿ ಅಡ್ಡಿಯಿಲ್ಲವೆಂದು ಕಂಡದ್ದೇ ಚಳಿಗಾಲದಲ್ಲೇ ಬುಲ್ಡೋಜರ್ ಇಳಿಸಿದ. ನಾನು ಮಾರ್ಚಿನಲ್ಲಿ ಗೆಳತಿಯ ಮನೆಗೆಂದು ಸುಳ್ಳು ಹೇಳಿ, ಬಸ್ಸು ಟ್ಯಾಕ್ಸಿ ಹಿಡಿದು ಹೋದಾಗ ಅಲ್ಲಿ ಇಳಿಜಾರೇ ಇರಲಿಲ್ಲ. ಬಂಡೆಯೂ ಇರಲಿಲ್ಲ. ಕೆಂಪು ಮಣ್ಣು ಮಟ್ಟಸವಾಗಿ, ಮೇಲೆ ಸುಣ್ಣದ ಗೆರೆಗಳು, ಗೂಟಗಳು. ಅದೇ ಟ್ಯಾಕ್ಸಿಯಲ್ಲಿ ವಾಪಸು ಬಂದೆ. ಯಾರಿಗೂ ಹೇಳಲಿಲ್ಲ.

ಪೊದೆ ಹೋದದ್ದು ನನಗೆ ಗೊತ್ತು. ಇನ್ನೊಂದು ಹಾಳಾದದ್ದು ತಿಳಿಯಲು ಸ್ವಲ್ಪ ಕಾಲ ಹಿಡಿಯಿತು. ವಾಲ್ಟ್ ಕಾರಿನಿಂದ "ಅದೇನು?" ಎಂದರೆ ಸರೋಜ ಈಗ ಉತ್ತರ ಕೊಡುತ್ತಿರಲಿಲ್ಲ. "ಅಕ್ಕನ್ನ ಕೇಳಿ" ಎನ್ನುತ್ತಿದ್ದಳು. ಟೊಯಾನ್ ಕಂಡರೂ ಹತ್ತಿರ ಹೋಗಿ ನೋಡೋಣ ಎನ್ನುವಳು. ಹತ್ತಿರ ಹೋದ ಮೇಲೂ ಅನುಮಾನ. ಮುಂದಿನ ಸೀಟು ನನಗೆ ಮರಳಿ ಬಂತು. ನಾನು ಖುಷಿಯಾಗಿಯೇ ಕೂತೆ, ಸುಳ್ಳೇಕೆ ಹೇಳಲಿ? ವರ್ಷ ತುಂಬುವ ಮೊದಲೇ ಅವಳು ಕೆಲಸ ಬಿಟ್ಟು ಅಂಗಡಿಯೊಂದರ ಬಟ್ಟೆ ವಿಭಾಗಕ್ಕೆ ಸೇರಿದಳು.

ಹತ್ತು ವರ್ಷ ಕಳೆಯಿತು. ಎಂಬತ್ತರ ದಶಕದ ನಡುವಿನ ಒಂದು ಸಂಕ್ರಾಂತಿ. ಕನ್ನಡದವರೆಲ್ಲ ಪಾರ್ಕಿನಲ್ಲಿ ಸೇರಿದ್ದೆವು, ಎಳ್ಳುಬೆಲ್ಲ, ಪೊಂಗಲ್, ಮಕ್ಕಳ ಗಲಾಟೆ. ಬೆಂಗಳೂರಿನಿಂದ ಬಂದಿದ್ದ ಜಾನಕಮ್ಮ ಎಂಬ ಅಜ್ಜಿಗೆ ಹಬ್ಬದ ಶಾಸ್ತ್ರದಂತೆ ಮೊಮ್ಮಗುವಿನ ತಲೆಯ ಮೇಲೆ ಎರೆಯಲು ಎಳಚಿಹಣ್ಣು ಸಿಕ್ಕಿರಲಿಲ್ಲ. ಅವರು ಪಾರ್ಕಿನ ಸುತ್ತ ತಿರುಗಿ, ಕಂಡ ಕೆಂಪು ಹಣ್ಣನ್ನೆಲ್ಲ ಕಿತ್ತು, ಒಂದು ಸ್ಟೀಲ್ ಬಟ್ಟಲು ತುಂಬಿಕೊಂಡು ಬಂದರು.

"ಸರೋಜಮ್ಮ, ನೀವು ಗಿಡದ ಕೆಲಸದಲ್ಲಿ ಇದ್ರಂತಲ್ಲ. ಇದನ್ನ ಮಗು ತಲೆ ಮೇಲೆ ಸುರಿಬಹುದಾ? ಬಾಯಿಗೆ ಹಾಕ್ಕೊಂಡ್ರೆ ಏನಾದ್ರೂ ಆಗುತ್ತಾ?"

ಸರೋಜ ಬಟ್ಟಲ ಕಡೆ ನೋಡದೆಯೇ ಕೈ ಆಡಿಸಿದಳು. "ಅಯ್ಯೋ, ನನ್ನ ಕೇಳ್ಬೇಡಿ ಅಮ್ಮ, ಅಕ್ಕ ಇದ್ದಾರಲ್ಲ. ನನ್ನ ಕಣ್ಣು ನಂಬಿದ್ರೆ ಅಷ್ಟೇ! ಓಕ್ ಗಿಡ ನೋಡಿ ಮರದರಿಶಿನ ಅಂತ ಕುಣಿದವಳು ನಾನು." ಎಲ್ಲರೂ ನಕ್ಕರು. ಈ ಮಾತು ಅವರೆಲ್ಲ ಮೊದಲೂ ಕೇಳಿದ್ದರೆಂದು ಆ ನಗುವಿನಿಂದಲೇ ತಿಳಿಯಿತು. ಹತ್ತು ವರ್ಷದಿಂದ ಅವಳು ತನ್ನನ್ನು ತಾನೇ ಗೇಲಿ ಮಾಡಿಕೊಂಡು ತಿರುಗುತ್ತಿದ್ದಾಳೆ.

ನನ್ನ ಬಾಯಿ ತಾನೇ ತೆರೆಯಿತು. "ಸರೋಜಾ, ಅದು ಓಕ್ ಅಲ್ಲ."

"ಯಾವುದು ಅಕ್ಕ?"

"ನೀ ಅವತ್ತ ತೋರಿಸಿದ್ದು. ಮರದರಿಶಿಣನ ಅದು. ನಾ ಕೆರದು ನೋಡಿದ್ದೆ. ಹಳದಿ ಇತ್ತು. ಬಿಳೇದಿತ್ತು ಅಂತ ಸುಳ್ಳು ಹೇಳಿದೆ."

ಅವಳ ಕೈಯಲ್ಲಿ ಎಳ್ಳಿನ ಪೊಟ್ಟಣವಿತ್ತು, ಅದನ್ನು ಮೇಜಿನ ಮೇಲಿಟ್ಟಳು. "ಯಾಕಕ್ಕ?"

"ಹೊಟ್ಟಿಕಿಚ್ಚು."

ನಮ್ಮವರು ನನ್ನನ್ನು ಯಾರೋ ಅಪರಿಚಿತಳೆಂಬಂತೆ ನೋಡುತ್ತಿದ್ದರು. ಸರೋಜ ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದು ಬೇರೆ.

"ಐದಿದ್ವಾ?"

"ಏಳು. ಇನ್ನೆರಡು ಆ ಬಂಡೆ ಹಿಂದ ಇದ್ವು."

"ಹಾಗಾದ್ರೆ ಸರಿ. ಹಿಂದೆ ಇದ್ದಿದ್ದು ನನಗೆ ಕಾಣೋಕೆ ಸಾಧ್ಯ ಇರಲಿಲ್ಲ." ಎಳ್ಳಿನ ಪೊಟ್ಟಣವನ್ನು ಮೇಜಿನ ಅಂಚಿಗೆ ಸರಿಸಿ, "ಈಗೇನಿದೆ ಅಲ್ಲಿ?"

"ಮನಿಗಳು."

"ನನ್ನ ಜೊತೆ ಇವತ್ತು ಮಾತಾಡಬೇಡಿ ಅಕ್ಕ" ಎಂದಳು. ದನಿ ಏರಿಸಲಿಲ್ಲ. ಆಮೇಲೆ ಜಾನಕಮ್ಮನ ಕಡೆ ತಿರುಗಿ, "ಕೊಡಿ ಅಮ್ಮ ಅದನ್ನ" ಎಂದು ಬಟ್ಟಲು ಇಸಿದುಕೊಂಡಳು. ಒಂದು ಪೇಪರ್ ತಟ್ಟೆಗೆ ಸುರುವಿ, ಅಕ್ಕಿ ಆರಿಸುವ ಹಾಗೆ ಬೆರಳಾಡಿಸಿ ಬೇರೆ ಬೇರೆ ಗುಡ್ಡೆ ಮಾಡತೊಡಗಿದಳು. "ಇದು ಟೊಯಾನ್, ಈ ಗುಡ್ಡದ್ದೇ. ಬೇಯಿಸಿದ್ರೆ ಪರವಾಗಿಲ್ಲ, ಹಸಿಹಸೀದು ಮಗು ಬಾಯಿಗೆ ಹೋಗೋದು ಬೇಡ. ಈ ಗುಲಾಬಿ ಬಣ್ಣದ್ದು ಬೀದೀಲಿ ನೆಟ್ಟಿರೋ ಪೆಪ್ಪರ್ ಮರದ್ದು, ಇದಂತೂ ಬೇಡವೇ ಬೇಡ. ಇದು ಇನ್ಯಾರದೋ ಬೇಲಿದು. ಎಲ್ಲಾ ಬಿಸಾಕಿ, ದ್ರಾಕ್ಷಿ ಸುರಿಯೋಣ."

ಮೊದಲು ಬೆರಳು ತಡವರಿಸುತ್ತಿದ್ದವು. ಆಮೇಲೆ ಬೇಗ ಬೇಗ ಓಡತೊಡಗಿದವು. ಅವಳ ಮುಖ ನೋಡಿದೆ. ಕಾರಿನ ಹಿಂದಿನ ಸೀಟಿನಿಂದ ಮೊದಲ ಸಲ "ಟೊಯಾನ್" ಎಂದಾಗ ಇದ್ದ ಮುಖವೇ. ಹೆಂಗಸರು ಮಕ್ಕಳು ಸುತ್ತ ಮುತ್ತಿಕೊಂಡು, "ಆಂಟಿ, ವಾಟ್ ಈಸ್ ದಿಸ್ ಒನ್?" ಎಂದು ಒಂದೊಂದೇ ಎತ್ತಿ ಕೊಡುತ್ತಿದ್ದರು. ಅವಳು ಹೇಳುತ್ತಲೇ ಇದ್ದಳು. ನನ್ನ ಕಡೆ ಒಬ್ಬರೂ ತಿರುಗಲಿಲ್ಲ.

ನನಗೆ ನಾಚಿಕೆಯಾಯಿತು, ನಿಜ. ಹತ್ತು ವರ್ಷದ ಭಾರ ಇಳಿಯಿತು, ಅದೂ ನಿಜ. ಆದರೆ ಆ ಎರಡಕ್ಕಿಂತ ಮೊದಲು ಹೊಟ್ಟೆಯಲ್ಲಿ ಎದ್ದದ್ದು ಹಳೆಯ ಉರಿಯೇ. ನಾನು ಗುಂಪಿನ ಹಿಂದೆ ನಿಂತು, ಹೆಗಲುಗಳ ನಡುವೆ ಇಣುಕಿ, ತಟ್ಟೆಯಲ್ಲಿ ಅವಳು ಒಂದಾದರೂ ಹಣ್ಣನ್ನು ತಪ್ಪು ಗುಡ್ಡೆಗೆ ಹಾಕಿದ್ದಾಳೆಯೇ ಎಂದು ಹುಡುಕಿದೆ. ಒಂದೂ ಸಿಗಲಿಲ್ಲ.